ಗಾಲ್ಫ್ ಹೊಡೆತದಲ್ಲಿ ಮಣಿಕಟ್ಟಿನ ಪಾಲೆಷ್ಟು?

ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಮೈಸೂರಿನ ರೇಸ್‌ಕೋರ್ಸ್ ಅಂಗಳದಲ್ಲೇ ಹರಡಿಕೊಂಡಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಮೈದಾನಕ್ಕೆ ಹೊಸದಾಗಿ ಕ್ಲಬ್, ಅಂದರೆ ಗಾಲ್ಫ್ ಕೋಲು, ಹಿಡಿದು ಬರುವವರಲ್ಲಿ ಹೆಚ್ಚಿನವರು ಎಂದೋ ಒಂದು ಕಾಲದಲ್ಲಿ ಕ್ರಿಕೆಟ್ ಬ್ಯಾಟು ಹಿಡಿದವರೇ ಆಗಿರುತ್ತಾರೆ. ಗುಂಡಪ್ಪ ವಿಶ್ವನಾಥ್ ಅವರ ಮಣಿಕಟ್ಟಿನ ಕೈಚಳಕವನ್ನು ಕೊಂಡಾಡುತ್ತ ಬೆಳೆದ ನಾಡು ನಮ್ಮದು. ಹಾಗಾಗಿ ಚೆಂಡು ದೂರ ಹೋಗಬೇಕಾದರೆ ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಜೋರಾಗಿ ಝಾಡಿಸಬೇಕು ಎಂಬ ನಂಬಿಕೆ ಅವರಲ್ಲಿ ಸಹಜವಾಗಿಯೇ ಬೇರೂರಿರುತ್ತದೆ. ಆದರೆ ಕ್ರಿಕೆಟ್ಟಿನಲ್ಲಿ ಚೆಂಡು ತನ್ನ ವೇಗವನ್ನು ತಾನೇ ಹೊತ್ತು ತರುತ್ತದೆ, ಬ್ಯಾಟುಗಾರ ಅದರ ದಿಕ್ಕನ್ನು ಬದಲಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಗಾಲ್ಫ್ ಚೆಂಡು ಅಲುಗಾಡದೆ ಕೂತಿರುತ್ತದೆ. ಅದಕ್ಕೆ ಸಿಗಬೇಕಾದ ವೇಗವನ್ನೆಲ್ಲ ಆಟಗಾರನ ಮೈಯೇ ಹುಟ್ಟಿಸಿ ಕೊಡಬೇಕು, ಮತ್ತು ಆ ಕೆಲಸ ಮಣಿಕಟ್ಟಿನ ಅಳವಿಗೆ ಮೀರಿದ್ದು.

ಇದನ್ನು ಒಂದು ಸರಳ ಲೆಕ್ಕದಿಂದಲೇ ಕಾಣಬಹುದು. ಡ್ರೈವರ್ ಎಂಬ ಉದ್ದನೆಯ ಕ್ಲಬ್ಬಿನ ತಲೆ ಸುಮಾರು 200 ಗ್ರಾಂ ತೂಗುತ್ತದೆ. ನುರಿತ ವೃತ್ತಿಪರ ಆಟಗಾರರ ಕೈಯಲ್ಲಿ ಅದು ಚೆಂಡನ್ನು ತಾಗುವ ಹೊತ್ತಿಗೆ ಸೆಕೆಂಡಿಗೆ 50 ಮೀಟರಿನಷ್ಟು, ಅಂದರೆ ಗಂಟೆಗೆ 180 ಕಿಲೋಮೀಟರಿನಷ್ಟು ವೇಗದಲ್ಲಿರುತ್ತದೆ. ಆಗ ಅದರ ಚಲನಶಕ್ತಿ 250 ಜೂಲ್. ಮೇಲಿನಿಂದ ಚೆಂಡಿನವರೆಗೆ ಕ್ಲಬ್ ಇಳಿಯುವ ಡೌನ್‌ಸ್ವಿಂಗಿಗೆ ಹಿಡಿಯುವ ಸಮಯ ಸುಮಾರು ಕಾಲು ಸೆಕೆಂಡು. ಕಾಲು ಸೆಕೆಂಡಿನಲ್ಲಿ 250 ಜೂಲ್ ಎಂದರೆ ಸರಾಸರಿ 1,000 ವ್ಯಾಟ್, ಒಂದೂಕಾಲು ಅಶ್ವಶಕ್ತಿಗೂ ಮಿಗಿಲು. ಅದೂ ಬರಿಯ ಕ್ಲಬ್ಬಿನ ತಲೆಗೆ. ತೋಳು, ಭುಜ, ಕ್ಲಬ್ಬಿನ ದಂಡ ಇವುಗಳನ್ನು ಚಲಿಸಲು ಬೇಕಾದ ಶಕ್ತಿ ಬೇರೆಯೇ. ಮುಂಗೈಯ ತೆಳ್ಳನೆಯ ಸ್ನಾಯುಗಳಿಂದ ಇಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಇದರ ಬಹುಭಾಗ ತೊಡೆ, ಸೊಂಟ, ಬೆನ್ನು ಮತ್ತು ಭುಜದ ದೊಡ್ಡ ಸ್ನಾಯುಗಳಿಂದ ಬರುತ್ತದೆ.

ಹಾಗಾದರೆ ಮಣಿಕಟ್ಟು ಮಾಡುವುದೇನು? 1968ರಲ್ಲಿ ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್, 1970ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಥಿಯೊಡೋರ್ ಜಾರ್ಗೆನ್ಸನ್ ಪ್ರಕಟಿಸಿದ ವಿಶ್ಲೇಷಣೆಗಳು ಈ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರವನ್ನು ಕೊಟ್ಟವು. ಗಾಲ್ಫ್ ಸ್ವಿಂಗನ್ನು ಒಂದಕ್ಕೊಂದು ಜೋಡಿಸಿದ ಎರಡು ಲೋಲಕಗಳೆಂದು ಭಾವಿಸಿದರೆ ಸಾಕು: ಭುಜಗಳ ನಡುವಣ ಒಂದು ಬಿಂದುವಿನ ಸುತ್ತ ತಿರುಗುವ ತೋಳುಗಳು ಮೊದಲನೆಯದು, ಕೈಗಳ ತುದಿಯಲ್ಲಿ ತೂಗುವ ಕ್ಲಬ್ಬು ಎರಡನೆಯದು. ಅವೆರಡನ್ನೂ ಕೂಡಿಸುವ ಕೀಲೇ ಮಣಿಕಟ್ಟು. ಕೀಲು ಶಕ್ತಿಯನ್ನು ಉತ್ಪಾದಿಸಬೇಕಿಲ್ಲ. ಮೊದಲನೆಯ ಲೋಲಕದ ಶಕ್ತಿ ಎರಡನೆಯದಕ್ಕೆ ಹರಿದುಹೋಗಲು ದಾರಿ ಬಿಟ್ಟುಕೊಟ್ಟರೆ ಆಯಿತು.

ಈ ಹರಿವು ಕಣ್ಣಿಗೆ ಕಾಣುವಂತೆ ದಾಖಲಾಗಿರುವುದು ಛಾಯಾಚಿತ್ರಗಳಲ್ಲಿ. ಅಮೆರಿಕದ ಎಂಐಟಿಯಲ್ಲಿದ್ದ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ, ಕತ್ತಲಲ್ಲಿ ಸಮಾನ ಅಂತರದಲ್ಲಿ ಮಿಂಚುವ ದೀಪದ ನೆರವಿನಿಂದ, ಒಂದೇ ಫಿಲ್ಮಿನ ಮೇಲೆ ಇಡೀ ಸ್ವಿಂಗಿನ ಹತ್ತಾರು ಬಿಂಬಗಳನ್ನು ಹಿಡಿದರು. ಡೆನ್ಸ್‌ಮೋರ್ ಶ್ಯೂಟ್ ಎಂಬ ಆಟಗಾರರ 1938ರ ಚಿತ್ರ ಅವುಗಳಲ್ಲಿ ಹೆಸರಾಂತದ್ದು. ಇಂಥ ಚಿತ್ರವನ್ನು ಓದುವ ಬಗೆ ಸುಲಭ. ಬಿಂಬಗಳು ಒತ್ತೊತ್ತಾಗಿದ್ದಲ್ಲಿ ವೇಗ ಕಡಿಮೆ, ದೂರದೂರವಾಗಿದ್ದಲ್ಲಿ ವೇಗ ಹೆಚ್ಚು. ಡೌನ್‌ಸ್ವಿಂಗಿನ ಆರಂಭದಲ್ಲಿ ಕೈಯೂ ಕ್ಲಬ್ಬೂ ಒಟ್ಟಾಗಿ ಇಳಿಯುತ್ತವೆ, ತೋಳಿಗೂ ಕ್ಲಬ್ಬಿಗೂ ನಡುವಿನ ಕೋನ ಸುಮಾರು 90 ಡಿಗ್ರಿಯಷ್ಟೇ ಉಳಿದಿರುತ್ತದೆ. ಕೈಗಳು ಸೊಂಟದ ಮಟ್ಟಕ್ಕೆ ಬಂದ ಮೇಲೆ ಆ ಕೋನ ತೆರೆದುಕೊಳ್ಳತೊಡಗುತ್ತದೆ. ಆಗ ಕ್ಲಬ್ಬಿನ ತಲೆಯ ಬಿಂಬಗಳು ಒಂದರಿಂದೊಂದು ದೂರ ಸರಿಯುತ್ತಿದ್ದರೆ, ಕೈಗಳ ಬಿಂಬಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅಂದರೆ ಕ್ಲಬ್ ರಭಸ ಪಡೆಯುತ್ತಿರುವ ಹೊತ್ತಿನಲ್ಲೇ ಕೈಗಳು ನಿಧಾನಿಸುತ್ತಿರುತ್ತವೆ. ಆಟಗಾರ ಬೇಕೆಂದೇ ಕೈ ಬಿಗಿಹಿಡಿದು ನಿಧಾನಿಸಿದ್ದಲ್ಲ ಅದು. ಹೊರಕ್ಕೆ ಚಿಮ್ಮುವ ಕ್ಲಬ್ ಕೈಗಳನ್ನು ಹಿಂದಕ್ಕೆ ಜಗ್ಗುತ್ತದೆ, ತೋಳಿನ ಶಕ್ತಿ ಕ್ಲಬ್ಬಿನ ಪಾಲಾಗುತ್ತದೆ.

ಆ ಜಗ್ಗಾಟವೂ ಅಲ್ಪಸ್ವಲ್ಪದ್ದಲ್ಲ. 200 ಗ್ರಾಂ ತೂಕದ ತಲೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ, ಸುಮಾರು ಒಂದೂವರೆ ಮೀಟರ್ ತ್ರಿಜ್ಯದ ಬಾಗಿನಲ್ಲಿ ಸಾಗುವಾಗ ಅದನ್ನು ದಾರಿತಪ್ಪದಂತೆ ಒಳಕ್ಕೆ ಎಳೆದಿಡಲು 330 ನ್ಯೂಟನ್ನಿಗಿಂತ ಹೆಚ್ಚು ಬಲ ಬೇಕು. 34 ಕಿಲೋ ತೂಕದ ಮೂಟೆಯೊಂದು ಕೈಯಿಂದ ಜೋತುಬಿದ್ದಂತೆ. ಈ ಎಳೆತವೇ ಬಾಗಿದ ಮಣಿಕಟ್ಟನ್ನು ಬಿಡಿಸಿ ನೇರ ಮಾಡುತ್ತದೆ. ಮೈಸೂರಿನ ಗರಡಿಮನೆಗಳಲ್ಲಿ ಗದೆ ತಿರುಗಿಸುವ ಪೈಲ್ವಾನರನ್ನು ಗಮನಿಸಿದವರಿಗೆ ಇದು ಬೇಗ ಅರ್ಥವಾದೀತು. ಗದೆ ಬೆನ್ನ ಹಿಂದೆ ಇಳಿದು ತೂಗಿದಾಗ ಪೈಲ್ವಾನ ಭುಜ ಮತ್ತು ಮೊಣಕೈಯಿಂದ ಎಳೆಯುತ್ತಾನೆ, ಭಾರದ ತುದಿ ತಾನಾಗಿಯೇ ಸುತ್ತಿ ಮುಂದಕ್ಕೆ ಬರುತ್ತದೆ. ಮಣಿಕಟ್ಟಿನಿಂದಲೇ ಅದನ್ನು ಎತ್ತಲು ಹೋಗುವ ಹುಡುಗನನ್ನು ಉಸ್ತಾದರು ಮೊದಲ ದಿನವೇ ತಡೆಯುತ್ತಾರೆ.

ಗಾಲ್ಫಿನಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲಿಯೇ ಇದೆ. ಕ್ಲಬ್ ಇನ್ನೂ ಹೆಗಲ ಮೇಲಿರುವಾಗಲೇ ಅವರು ಮಣಿಕಟ್ಟನ್ನು ಬಿಚ್ಚಿಬಿಡುತ್ತಾರೆ. ತರಬೇತುದಾರರು ಇದನ್ನು ಕಾಸ್ಟಿಂಗ್ ಎನ್ನುತ್ತಾರೆ, ಗಾಳ ಎಸೆದಂತೆ ಎಂಬ ಅರ್ಥದಲ್ಲಿ. ಕ್ಲಬ್ ಬೇಗ ಚಾಚಿಕೊಂಡರೆ ಅದರ ತಲೆಯ ದ್ರವ್ಯರಾಶಿ ತಿರುಗುವ ಕೇಂದ್ರದಿಂದ ಬೇಗ ದೂರ ಹೋಗುತ್ತದೆ, ತಿರುಗುವಿಕೆಗೆ ಒಡ್ಡುವ ಜಡತ್ವ ಹೆಚ್ಚುತ್ತದೆ, ಭುಜಗಳು ಉದ್ದವಾದ ಭಾರವನ್ನು ಎಳೆಯಬೇಕಾಗಿ ಬಂದು ಸುಸ್ತಾಗುತ್ತವೆ. ಕ್ಲಬ್ಬಿನ ಗರಿಷ್ಠ ವೇಗ ಚೆಂಡಿಗೆ ತಲುಪುವ ಮೊದಲೇ ಬಂದು ಹೋಗುತ್ತದೆ. ವಿಚಿತ್ರವೆಂದರೆ, ಹೀಗೆ ಹೊಡೆದವರಿಗೆ ತಾವು ಬಹಳ ಬಲ ಹಾಕಿದೆವು ಎಂದೇ ಅನ್ನಿಸುತ್ತದೆ, ಬಲ ಹಾಕಿರುವುದೂ ನಿಜವೇ. ಹಾಗೆಂದು ಮಣಿಕಟ್ಟಿನ ಸ್ನಾಯುಗಳು ಏನೂ ಮಾಡಬಾರದು ಎಂದಲ್ಲ. ಆರಂಭದಲ್ಲಿ ಕೋನವನ್ನು ತುಸು ತಡೆದಿಟ್ಟುಕೊಂಡು, ಚೆಂಡಿಗೆ ಹತ್ತಿರವಾದಾಗ ಸರಿಯಾದ ಹೊತ್ತಿಗೆ ಒಂದಿಷ್ಟು ಒತ್ತು ಕೊಟ್ಟರೆ ವೇಗ ಸ್ವಲ್ಪ ಏರುತ್ತದೆ ಎಂದು ಗಣಿತದ ಮಾದರಿಗಳು ತೋರಿಸುತ್ತವೆ. ಅದೇ ಒತ್ತನ್ನು ಮುಂಚೆ ಕೊಟ್ಟರೆ ವೇಗ ಇಳಿಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಕಲಿಕೆಯ ಮೊದಲ ವರ್ಷಗಳಲ್ಲಿ ಆ ಒತ್ತಿನ ಯೋಚನೆಯನ್ನೇ ಬಿಟ್ಟುಬಿಡುವುದು ಒಳ್ಳೆಯದು.

ಇನ್ನು ಮಣಿಕಟ್ಟಿನ ರಚನೆ. ಅಲ್ಲಿ ಎರಡು ಸಾಲಾಗಿ ಜೋಡಿಸಿದ ಎಂಟು ಪುಟ್ಟ ಮೂಳೆಗಳಿವೆ. ಕೈ ಅಂಗೈ ಕಡೆಗೂ ಹಿಂಗೈ ಕಡೆಗೂ 70–80 ಡಿಗ್ರಿ ಬಾಗಬಲ್ಲದು. ಕಿರುಬೆರಳಿನ ಕಡೆಗೆ ಸುಮಾರು 30 ಡಿಗ್ರಿ, ಹೆಬ್ಬೆರಳಿನ ಕಡೆಗೆ ಬರಿಯ 20 ಡಿಗ್ರಿ. ಕ್ಲಬ್ಬನ್ನು ಮೇಲೆತ್ತಿ ಕೋನ ಕಟ್ಟಿಕೊಳ್ಳುವುದು ಮುಖ್ಯವಾಗಿ ಹೆಬ್ಬೆರಳಿನ ಕಡೆಯ ಬಾಗಿನಿಂದ. ಇಪ್ಪತ್ತೇ ಡಿಗ್ರಿ ಬಾಗುವ ಕೀಲಿನಿಂದ ತೊಂಬತ್ತು ಡಿಗ್ರಿಯ ಕೋನ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಉತ್ತರ ಹಿಡಿತದಲ್ಲಿದೆ. ಒಂದು ಅಡಿಕೋಲನ್ನು ಎಡಗೈಯಲ್ಲಿ ಎರಡು ಬಗೆಯಲ್ಲಿ ಹಿಡಿದು ನೋಡಬಹುದು. ಮೊದಲು ಅಂಗೈಯ ಉದ್ದಕ್ಕೂ ಓರೆಯಾಗಿ, ಮುಂಗೈಯ ನೇರಕ್ಕೇ ಬರುವಂತೆ ಹಿಡಿದು, ಹೆಬ್ಬೆರಳಿನ ಕಡೆಗೆ ಎತ್ತಿದರೆ ಕೋಲು ಸ್ವಲ್ಪವೇ ಏರಿ ನಿಂತುಬಿಡುತ್ತದೆ. ಅದೇ ಕೋಲನ್ನು ಬೆರಳುಗಳ ಬುಡದ ಮೇಲೆ ಅಡ್ಡವಾಗಿ ಕೂರಿಸಿ, ಅಂಗೈಯ ಕಿರುಬೆರಳ ಕಡೆಯ ದಿಂಡು ಅದರ ಮೇಲೆ ಬರುವಂತೆ ಮುಷ್ಟಿ ಮಾಡಿದರೆ, ಮಣಿಕಟ್ಟು ಬಾಗದೆಯೇ ಕೋಲಿಗೂ ಮುಂಗೈಗೂ ನಡುವೆ ಸಾಕಷ್ಟು ಕೋನ ಸಿಕ್ಕಿರುತ್ತದೆ. ಮೇಲೆ ಆ ಇಪ್ಪತ್ತು ಡಿಗ್ರಿ ಸೇರಿದರೆ ತೊಂಬತ್ತರ ಹತ್ತಿರ ಬರುತ್ತದೆ. ಬೆರಳುಗಳಲ್ಲಿ ಹಿಡಿಯಿರಿ ಎಂದು ಕೋಚ್‌ಗಳು ಹೇಳುವುದರ ಹಿಂದಿನ ಕಾರಣ ಇದು.

ಹಿಡಿತದ ಬಿಗಿಯ ವಿಚಾರ ಇದಕ್ಕಿಂತಲೂ ಮುಖ್ಯ. ಬೆರಳು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳ ಒಂಬತ್ತು ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಸುರಂಗವೊಂದರ ಮೂಲಕ ಹಾದು ಬೆರಳುಗಳನ್ನು ಮುಟ್ಟುತ್ತವೆ. ಆದ್ದರಿಂದ ಮುಷ್ಟಿ ಬಿಗಿಯಾದಾಗಲೆಲ್ಲ ಮಣಿಕಟ್ಟೂ ಒಳಕ್ಕೆ ಬಾಗಲು ಹೊರಡುತ್ತದೆ, ಅದನ್ನು ತಡೆಯಲು ಹಿಂಬದಿಯ ಸ್ನಾಯುಗಳೂ ಬಿಗಿಯಾಗಬೇಕಾಗುತ್ತದೆ. ಎಡ ಮುಷ್ಟಿಯನ್ನು ಗಟ್ಟಿಯಾಗಿ ಕಟ್ಟಿ ಬಲಗೈಯಿಂದ ಎಡ ಮುಂಗೈಯನ್ನು ಸುತ್ತ ಮುಟ್ಟಿದರೆ ಎರಡೂ ಬದಿ ಕಲ್ಲಾಗಿರುವುದು ತಿಳಿಯುತ್ತದೆ. ಅದೇ ಸ್ಥಿತಿಯಲ್ಲಿ ಮಣಿಕಟ್ಟನ್ನು ಬೇಗಬೇಗ ಆಡಿಸಲು ಹೋದರೆ ಅದು ಮಾತು ಕೇಳುವುದಿಲ್ಲ. ಮೊದಲ ಹೊಡೆತದ ಜಾಗವಾದ ಟೀ ಮೇಲೆ ನಿಂತು ಕ್ಲಬ್ಬಿನ ಕತ್ತು ಹಿಸುಕುವವರು ತಮ್ಮ ಕೀಲಿಗೆ ತಾವೇ ಬ್ರೇಕ್ ಹಾಕಿಕೊಂಡಿರುತ್ತಾರೆ. ಕ್ಲಬ್ ಜಾರದಷ್ಟು ಬಿಗಿ ಬೇಕು. ಬಲ ಬೇಕಾದ ಹೊತ್ತಿನಲ್ಲಿ ಹಿಡಿತ ತಾನಾಗಿಯೇ ಗಟ್ಟಿಯಾಗುತ್ತದೆ.

ವೇಗದ ಮಾತು ಒಂದಾದರೆ ದಿಕ್ಕಿನ ಮಾತು ಇನ್ನೊಂದು, ಮಣಿಕಟ್ಟಿನ ನಿಜವಾದ ಜವಾಬ್ದಾರಿ ಇರುವುದು ಅಲ್ಲಿ. ಡ್ರೈವರ್ ಹೊಡೆತದಲ್ಲಿ ಚೆಂಡು ಯಾವ ಕಡೆಗೆ ಹೊರಡಬೇಕೆಂಬುದರಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ನೋಡುತ್ತಿರುವ ದಿಕ್ಕಿನದು, ಉಳಿದದ್ದು ಕ್ಲಬ್ ಸಾಗುವ ದಾರಿಯದು. ಮುಖ ಒಂದು ಡಿಗ್ರಿ ತಪ್ಪಿದರೆ 200 ಮೀಟರ್ ದೂರದಲ್ಲಿ ಚೆಂಡು ಸುಮಾರು ಮೂರು ಮೀಟರ್ ಪಕ್ಕಕ್ಕೆ ಬೀಳುತ್ತದೆ. ಮುಖಕ್ಕೂ ದಾರಿಗೂ ನಡುವಿನ ವ್ಯತ್ಯಾಸದಿಂದ ಹುಟ್ಟುವ ಓರೆ ಗಿರಕಿ ಅದನ್ನು ಗಾಳಿಯಲ್ಲಿ ಮತ್ತಷ್ಟು ತಿರುಗಿಸುತ್ತದೆ. ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ಹೋಗುವ ಸ್ಲೈಸ್ ಎಂಬ ಕಾಟ, ಸಾಗುವ ದಾರಿಗೆ ಹೋಲಿಸಿದರೆ ಮುಖ ತೆರೆದೇ, ಅಂದರೆ ಬಲಕ್ಕೆ ತಿರುಗಿಯೇ, ಉಳಿದದ್ದರ ಫಲ. ಡೌನ್‌ಸ್ವಿಂಗಿನಲ್ಲಿ ಕ್ಲಬ್ ನೆಲಕ್ಕೆ ಸಮಾನಾಂತರವಾದಾಗ ಅದರ ಮುಖ ಗುರಿಯಿಂದ ಹೆಚ್ಚುಕಡಿಮೆ 90 ಡಿಗ್ರಿ ಬೇರೆ ಕಡೆ ನೋಡುತ್ತಿರುತ್ತದೆ, ಮುಂದಿನ ಸೆಕೆಂಡಿನ ನೂರರಲ್ಲಿ ನಾಲ್ಕೈದು ಪಾಲಿನಷ್ಟು ಹೊತ್ತಿನಲ್ಲಿ ಅದು ಗುರಿಗೆ ನೇರವಾಗಬೇಕು.

ಈ ತಿರುವನ್ನು ಮಾಡುವುದು ಮಣಿಕಟ್ಟೆಂದು ಹಲವರು ತಿಳಿದಿದ್ದಾರೆ. ಆದರೆ ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು, ಮಣಿಕಟ್ಟಿನ ಸ್ವಲ್ಪ ಮೇಲೆ ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಅಂಗೈಯನ್ನು ಮೇಲೆ ಕೆಳಗೆ ಮಗುಚಲು ನೋಡಿದರೆ ಆಗುವುದೇ ಇಲ್ಲ. ಮಗುಚುವುದು ಮುಂಗೈಯ ಎರಡು ಮೂಳೆಗಳ ಕೆಲಸ. ಹೆಬ್ಬೆರಳ ಕಡೆಯ ರೇಡಿಯಸ್ ಮೂಳೆ ಇನ್ನೊಂದಾದ ಅಲ್ನಾ ಮೇಲೆ ಹೊರಳುತ್ತದೆ. ಮಣಿಕಟ್ಟು ಮುಖವನ್ನು ಬದಲಿಸುವುದು ಬೇರೊಂದು ಬಗೆಯಲ್ಲಿ: ಎಡ ಮಣಿಕಟ್ಟು ಹಿಂಗೈ ಕಡೆಗೆ ಕುಸಿದರೆ ಮುಖ ತೆರೆಯುತ್ತದೆ, ಅಂಗೈ ಕಡೆಗೆ ಬಾಗಿದರೆ ಮುಚ್ಚುತ್ತದೆ. ಡಸ್ಟಿನ್ ಜಾನ್ಸನ್ ಕ್ಲಬ್ಬನ್ನು ಹಿಂದಕ್ಕೆ ಮೇಲೆತ್ತುವ ಬ್ಯಾಕ್‌ಸ್ವಿಂಗಿನ ತುದಿಯಲ್ಲಿ ಎಡ ಮಣಿಕಟ್ಟನ್ನು ಎದ್ದು ಕಾಣುವಷ್ಟು ಅಂಗೈ ಕಡೆಗೆ ಬಾಗಿಸುತ್ತಾರೆ. ಎಡಕ್ಕೆ ಬಾಗುವ ಹುಕ್ಕಿನಿಂದ ಬೇಸತ್ತಿದ್ದ ಬೆನ್ ಹೋಗನ್ ಅದಕ್ಕೆ ತದ್ವಿರುದ್ಧವಾಗಿ ಹಿಂಗೈ ಕಡೆಗೆ ಬಾಗಿಸುವುದನ್ನು ರೂಢಿಸಿಕೊಂಡರು. ಇಬ್ಬರೂ ದೊಡ್ಡ ಪಂದ್ಯಾವಳಿಗಳನ್ನು ಗೆದ್ದವರೇ ಆದ್ದರಿಂದ, ತುದಿಯಲ್ಲಿ ಮಣಿಕಟ್ಟು ಹೀಗೇ ಇರಬೇಕೆಂದು ಹಟ ಹಿಡಿಯುವ ಪಾಠಗಳನ್ನು ಅಷ್ಟಾಗಿ ನಂಬಬೇಕಿಲ್ಲ.

ಚೆಂಡನ್ನು ತಾಗುವ ಗಳಿಗೆಯ ಮಟ್ಟಿಗೆ ಮಾತ್ರ ಭಿನ್ನಾಭಿಪ್ರಾಯ ಕಡಿಮೆ. ಡ್ರೈವರಿಗಿಂತ ಗಿಡ್ಡನೆಯ ಐರನ್ ಎಂಬ ಕ್ಲಬ್ಬಿನ ಹೊಡೆತದಲ್ಲಿ ನುರಿತವರ ಕೈಗಳು ಚೆಂಡಿಗಿಂತ ತುಸು ಮುಂದಿರುತ್ತವೆ, ಎಡ ಮಣಿಕಟ್ಟು ಚಪ್ಪಟೆಯಾಗಿರುತ್ತದೆ, ಬಲ ಮಣಿಕಟ್ಟು ಇನ್ನೂ ಹಿಂದಕ್ಕೆ ಬಾಗಿಯೇ ಇರುತ್ತದೆ. ಹೊಸಬರು ಚೆಂಡನ್ನು ಮೇಲೆತ್ತುವ ಆಸೆಯಿಂದ ಬಲಗೈಯನ್ನು ಅಡಿಯಿಂದ ತೋಡುವಂತೆ ಬಳಸುತ್ತಾರೆ. ಎತ್ತುವ ಕೆಲಸವನ್ನು ಕ್ಲಬ್ಬಿನ ಮುಖದ ಓರೆಯೇ ಮಾಡುತ್ತದೆ. ಏಳನೇ ನಂಬರಿನ ಐರನ್ನಿಗೆ ಅದು 30 ಡಿಗ್ರಿಯ ಆಸುಪಾಸು ಇರುತ್ತದೆ. ತೋಡಲು ಹೋದರೆ ಕ್ಲಬ್ ಚೆಂಡಿಗೆ ಮೊದಲು ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಚೆಂಡಿನ ನೆತ್ತಿಗೆ ತಾಗುತ್ತದೆ.

ಈ ತಪ್ಪುಗಳನ್ನು ಹೊಡೆತದ ನಡುವೆ ತಿದ್ದಿಕೊಳ್ಳುವಂತಿಲ್ಲ. ಚೆಂಡೂ ಕ್ಲಬ್ಬೂ ಜೊತೆಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು, ಅಷ್ಟರಲ್ಲಿ ಕ್ಲಬ್ ಸಾಗುವುದು ಎರಡು ಸೆಂಟಿಮೀಟರಿನ ಆಸುಪಾಸು. ತಾಗಿದ ಕಂಪನ ದಂಡದಗುಂಟ ಏರಿ ಕೈಗೆ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಮನುಷ್ಯನ ಪ್ರತಿಕ್ರಿಯೆಗೆ ಬೇಕಾದ ಸಮಯವೇ ಸೆಕೆಂಡಿನ ಐದನೇ ಒಂದು ಭಾಗದ ಹತ್ತಿರ, ಡೌನ್‌ಸ್ವಿಂಗಿನ ಬಹುಭಾಗ ಅದರಲ್ಲೇ ಮುಗಿಯುತ್ತದೆ. ಹಾಗಾಗಿ ಮಣಿಕಟ್ಟಿನ ಪಾಠವನ್ನು ನಿಧಾನಗತಿಯ ಅರ್ಧ ಸ್ವಿಂಗಿನಲ್ಲೇ ಮೈಗೂಡಿಸಿಕೊಳ್ಳಬೇಕು. ಪೂರ್ತಿ ವೇಗದಲ್ಲಿ ಅದನ್ನು ನೆನೆಯಲೂ ಹೊತ್ತಿರುವುದಿಲ್ಲ. ಬೇಸಿಗೆಯಲ್ಲಿ ನಮ್ಮ ನೆಲ ಗಟ್ಟಿಯಾಗುವುದರಿಂದ ಒಂದು ಎಚ್ಚರಿಕೆಯೂ ಬೇಕು. ಕ್ಲಬ್ ನೆಲಕ್ಕೆ ಬಡಿದರೆ ಹಿಡಿಕೆಯ ತುದಿ ಎಡ ಅಂಗೈಯ ಕಿರುಬೆರಳ ಕಡೆಯ ದಿಂಡಿಗೆ ಗುದ್ದುತ್ತದೆ. ಅದರ ಒಳಗಿರುವ ಹ್ಯಾಮೇಟ್ ಎಂಬ ಮೂಳೆಯ ಕೊಕ್ಕೆಯಂಥ ಭಾಗ ಮುರಿಯುವುದು ಗಾಲ್ಫ್ ಆಟಗಾರರಲ್ಲಿ ವೈದ್ಯರು ಕಾಣುವ ಗಾಯ. ಮಾಮೂಲಿ ಎಕ್ಸ್‌ರೇಯಲ್ಲಿ ಅದು ಕಾಣದೆ ತಪ್ಪಿಸಿಕೊಳ್ಳುವುದೂ ಉಂಟು, ಆದ್ದರಿಂದ ಅಲ್ಲಿ ವಾರಗಟ್ಟಲೆ ನೋವು ಉಳಿದರೆ ಉಳುಕೆಂದು ಸುಮ್ಮನಿರಬಾರದು.

ಪಟರ್ ಹಿಡಿದಾಗ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕುಳಿಯ ಕಡೆಗೆ ಚೆಂಡನ್ನು ಉರುಳಿಸಲು ವೇಗ ಬೇಕಿಲ್ಲ, ಆದ್ದರಿಂದ ಎರಡನೆಯ ಲೋಲಕವೂ ಬೇಡ. ಅಲ್ಲಿ ಮಣಿಕಟ್ಟಿನ ಪ್ರತಿ ಅಲುಗಾಟವೂ ದಿಕ್ಕಿನ ತಪ್ಪಾಗಿ ಪರಿಣಮಿಸುತ್ತದೆ. ಕೆಲವು ಆಟಗಾರರು ಉದ್ದನೆಯ ಪಟರಿನ ತುದಿಯನ್ನು ಹೊಟ್ಟೆಗೋ ಎದೆಗೋ ಆನಿಸಿ ಮಣಿಕಟ್ಟಿನ ಕಾಟವನ್ನೇ ತಪ್ಪಿಸಿಕೊಳ್ಳುತ್ತಿದ್ದರು. 2016ರ ಜನವರಿ 1ರಿಂದ ಆಟದ ನಿಯಮಗಳು ಹಾಗೆ ಆನಿಸುವುದನ್ನು ನಿಷೇಧಿಸಿದವು. ಪಟರಿನ ಹಿಡಿಕೆಯನ್ನು ಎಡ ಮುಂಗೈಯ ಉದ್ದಕ್ಕೂ ಒರಗಿಸಿ ಹಿಡಿಯುವುದಕ್ಕೆ ಅಡ್ಡಿಯಿಲ್ಲದ ಕಾರಣ, ಈಗ ಹಲವರು ಆ ದಾರಿ ಹಿಡಿದಿದ್ದಾರೆ.