ಬೆರಳಿಗೆ ಮೊದಲೇ ಒಂದು ಕೆಲಸ ಇದೆ

ಕೆಲವು ವರ್ಷಗಳ ಹಿಂದೆ ಸಾಲದ ಕಂತು ಲೆಕ್ಕ ಹಾಕುವ ವೆಬ್ ಪುಟವೊಂದನ್ನು ಮಾಡಿಕೊಟ್ಟಿದ್ದೆ. ಸಾಲದ ಮೊತ್ತಕ್ಕೆ ಒಂದು ಸ್ಲೈಡರ್, ಅವಧಿಗೆ ಇನ್ನೊಂದು. ಗುಂಡಿ ಹಿಡಿದು ಪಕ್ಕಕ್ಕೆ ಎಳೆದರೆ ತಿಂಗಳ ಕಂತು ಬದಲಾಗುತ್ತಾ ಹೋಗಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಜಾರುತ್ತಿತ್ತು. ಪುಟ ಹೊರಗೆ ಬಂದ ಮಾರನೇ ದಿನವೇ ಕರೆ ಬಂತು: "ಮೊಬೈಲಲ್ಲಿ ಗುಂಡಿ ಅಲುಗಾಡ್ತಾನೇ ಇಲ್ಲ."

ತಪ್ಪು ನನ್ನದೇ. ಮೌಸ್ ಒತ್ತಿದ್ದು, ಸರಿದದ್ದು, ಬಿಟ್ಟದ್ದು, ಈ ಮೂರನ್ನು ಮಾತ್ರ ಗಮನಿಸುವ ಕೋಡ್ ಬರೆದಿದ್ದೆ. ಫೋನಿನಲ್ಲಿ ಮೌಸ್ ಇಲ್ಲ. ಹಳೆಯ ಪುಟಗಳು ಕೆಟ್ಟುಹೋಗದಿರಲಿ ಎಂದು ಬ್ರೌಸರ್ ಮೌಸಿನ ಸುದ್ದಿಗಳನ್ನು ತಾನೇ ಹುಟ್ಟಿಸಿ ಕಳಿಸುತ್ತದೆ, ನಿಜ. ಆದರೆ ಅವು ಬರುವುದು ಸುಮ್ನೆ ತಟ್ಟಿ ಬೆರಳೆತ್ತಿದ ಮೇಲೆ, ಎಲ್ಲವೂ ಒಟ್ಟಿಗೆ. ಎಳೆಯುವಾಗ ಒಂದೂ ಬರುವುದಿಲ್ಲ. ನನ್ನ ಗುಂಡಿಗೆ ಬೆರಳು ಬಂದದ್ದೇ ಗೊತ್ತಾಗಿರಲಿಲ್ಲ.

ಇದಕ್ಕೆ ಪಾಯಿಂಟರ್ ಇವೆಂಟ್ಸ್ ಎಂಬ ವ್ಯವಸ್ಥೆ ಇದೆ. ಮೌಸ್, ಬೆರಳು, ಪೆನ್ನು ಮೂರಕ್ಕೂ ಒಂದೇ ಕೋಡ್ ಸಾಕು. 2012ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 10ರಲ್ಲಿ ತಂದ ಯೋಚನೆ ಇದು. 2015ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಇದನ್ನು ವೆಬ್ ಮಾನದಂಡವಾಗಿಸಿತು. 2019ರಲ್ಲಿ ಐಫೋನಿನ ಸಫಾರಿಗೂ ಬಂತು. ನಾನು ಕೋಡಿನಲ್ಲಿ ಮೌಸ್‌ಡೌನ್ ಇದ್ದಲ್ಲಿ ಪಾಯಿಂಟರ್‌ಡೌನ್, ಮೌಸ್‌ಮೂವ್ ಇದ್ದಲ್ಲಿ ಪಾಯಿಂಟರ್‌ಮೂವ್ ಎಂದು ಬದಲಾಯಿಸಿದೆ. ಈಗ ಗುಂಡಿ ಸ್ವಲ್ಪ ಸರಿಯಿತು. ಆಮೇಲೆ ನಿಂತುಬಿಟ್ಟಿತು. ಇದು ಮೊದಲಿನದಕ್ಕಿಂತ ಕೆಟ್ಟದು, ಅಲ್ವಾ? ಕೈಗೆ ಸಿಕ್ಕಂತಾಗಿ ತಪ್ಪಿಹೋಗುತ್ತದೆ.

ಯಾಕೆ ನಿಂತಿತು ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಹೊಸಬರು ಜಾಸ್ತಿ ಎಡವುವುದೂ ಇಲ್ಲೇ. ಪುಟದ ಮೇಲೆ ಬೆರಳು ಸರಿಯಿತು ಅಂದರೆ ಬ್ರೌಸರ್ ಮೊದಲು ಯೋಚಿಸುವುದು, ಇವರು ಪುಟ ಸರಿಸುತ್ತಿದ್ದಾರೆಯೇ ಎಂದು. ಮೌಸಿಗೆ ಸ್ಕ್ರೋಲ್ ಮಾಡಲು ಬೇರೆ ಚಕ್ರ ಇದೆ. ಬೆರಳಿಗೆ ಅದೊಂದೇ ದಾರಿ. ಹೌದು, ಸ್ಕ್ರೋಲೇ ಎಂದು ತೀರ್ಮಾನಿಸಿದ ಕ್ಷಣ ಬ್ರೌಸರ್ ಬೆರಳನ್ನು ತನ್ನ ವಶಕ್ಕೆ ತೆಗೆದುಕೊಂಡು ನಮ್ಮ ಕೋಡಿಗೆ ಪಾಯಿಂಟರ್‌ಕ್ಯಾನ್ಸಲ್ ಎಂಬ ಸುದ್ದಿ ಕಳಿಸುತ್ತದೆ. ಅಲ್ಲಿಂದ ಮುಂದೆ ಆ ಬೆರಳಿನ ಚಲನೆ ನಮಗೆ ಕಾಣುವುದಿಲ್ಲ. ಪಾಯಿಂಟರ್‌ಮೂವ್ ಬಂದಾಗ "ತಡೆ" ಎಂದು ಕೂಗಿದರೂ ಪ್ರಯೋಜನವಿಲ್ಲ.

ಮೊದಲೇ ಹೇಳಿಟ್ಟಿರಬೇಕು. ಪುಟದ ರೂಪ ನಿರ್ಧರಿಸುವ ಸ್ಟೈಲ್‌ಶೀಟಿನಲ್ಲಿ ಟಚ್-ಆ್ಯಕ್ಷನ್ ಎಂಬ ಒಂದು ಸಾಲು ಇರುವುದು ಇದಕ್ಕೇ. ನನ್ನ ಸ್ಲೈಡರಿಗೆ "ಪ್ಯಾನ್-ವೈ" ಮತ್ತು "ಪಿಂಚ್-ಝೂಮ್" ಎಂಬ ಎರಡು ಪದ ಕೊಟ್ಟೆ. ಮೇಲೆ ಕೆಳಗೆ ಸರಿದರೆ, ಚಿವುಟಿ ದೊಡ್ಡದು ಮಾಡಿದರೆ ಅದು ಬ್ರೌಸರಿನದು. ಅಡ್ಡಡ್ಡ ಸರಿದರೆ ನನ್ನದು. ಗುಂಡಿ ಕೊನೆಯವರೆಗೂ ಓಡಿತು.

ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಸಿಟ್ಟು ಬರುವುದು ಸಹಜ. ಆದರೆ ಕಾರಣ ಒಳ್ಳೆಯದೇ. ಬೆರಳು ಒಂದು ಕೂದಲೆಳೆ ಸರಿದಾಗಲೂ ನಮ್ಮ ಜಾವಾಸ್ಕ್ರಿಪ್ಟನ್ನು ಕೇಳಿ, ಉತ್ತರಕ್ಕೆ ಕಾದು, ಆಮೇಲೆ ಪುಟ ಸರಿಸುವುದಾದರೆ ಅಗ್ಗದ ಫೋನುಗಳಲ್ಲಿ ಸ್ಕ್ರೋಲ್ ತಡವರಿಸುತ್ತದೆ. 2017ರಲ್ಲಿ ಕ್ರೋಮ್ ಇದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಬೆರಳಿಗೆಂದೇ ಇರುವ ಟಚ್ ಇವೆಂಟುಗಳನ್ನು ಇಡೀ ಪುಟಕ್ಕೆ ಕಟ್ಟಿದ ಕೋಡ್ "ತಡೆ" ಎಂದರೂ, ಬೇರೆ ಸೂಚನೆ ಕೊಡದಿದ್ದರೆ ಅದು ಕೇಳುವುದಿಲ್ಲ. ಕೆಲವರು ಇಡೀ ಪುಟಕ್ಕೇ ಟಚ್-ಆ್ಯಕ್ಷನ್ "ನನ್" (none, ಅಂದರೆ ಬ್ರೌಸರಿಗೆ ಏನೂ ಬಿಡದೆ) ಎಂದು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಸಣ್ಣ ಅಕ್ಷರ ಕಾಣದ ಹಿರಿಯರು ಚಿವುಟಿ ದೊಡ್ಡದು ಮಾಡಿ ಓದುತ್ತಾರೆ. ಅವರಿಂದ ಅದನ್ನು ಕಿತ್ತುಕೊಂಡಂತೆ.

ಪಾಯಿಂಟರ್‌ಕ್ಯಾನ್ಸಲ್ ಬಂದರೆ ಏನು ಮಾಡಬೇಕೆಂದೂ ಕೋಡಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಕೈ ಬಿಟ್ಟ ಮೇಲೂ ಸ್ಲೈಡರ್ ಇನ್ನೂ ಯಾರೋ ಹಿಡಿದಿದ್ದಾರೆ ಎಂದುಕೊಂಡೇ ಕೂತಿರುತ್ತದೆ. ಬೆರಳು ಗುಂಡಿಯಿಂದ ಆಚೆ ಜಾರಿದರೂ ಸುದ್ದಿ ಗುಂಡಿಗೇ ಬರುತ್ತಿರುತ್ತದೆ, ಅದು ತಾನಾಗಿ ಆಗುವ ಏರ್ಪಾಡು. ಮೌಸಿಗೆ ಮಾತ್ರ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಎಂದು ನಾವೇ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಹೇಳುತ್ತೇನೆ: ಈಗ ಅದೇ ಕೆಲಸ ಬಂದರೆ ನಾನು ಸ್ವಂತ ಸ್ಲೈಡರ್ ಕಟ್ಟುವುದಿಲ್ಲ. ಎಚ್‌ಟಿಎಂಎಲ್‌ನಲ್ಲೇ ರೇಂಜ್ ಎಂಬ ಇನ್‌ಪುಟ್ ಇದೆ. ಬೆರಳು, ಕೀಬೋರ್ಡಿನ ಬಾಣ, ಕಣ್ಣು ಕಾಣದವರು ಬಳಸುವ ಟಾಕ್‌ಬ್ಯಾಕ್ ಎಲ್ಲಕ್ಕೂ ಅದು ಒಗ್ಗುತ್ತದೆ. ಚಂದ ಕಾಣಲಿ ಎಂಬ ಒಂದೇ ಆಸೆಗೆ ನಾನದನ್ನು ಬಿಟ್ಟಿದ್ದೆ. ಅದರ ಪಕ್ಕ ಪ್ಲಸ್, ಮೈನಸ್ ಬಟನ್ನುಗಳೂ ಇರಲಿ. ಕೈ ನಡುಗುವವರಿಗೆ ಎಳೆಯುವುದು ಕಷ್ಟ. ಅಕ್ಟೋಬರ್ 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2, ಅಂದರೆ ವೆಬ್ ಅಂಗವಿಕಲರಿಗೂ ಬಳಸಲು ಬರಬೇಕು ಎನ್ನುವ ನಿಯಮಗಳೂ ಎಳೆಯದೆ ಮಾಡುವ ದಾರಿ ಇರಬೇಕು ಎನ್ನುತ್ತವೆ.

ಆ ಬಟನ್ನುಗಳು ಎಷ್ಟು ದೊಡ್ಡದಿರಬೇಕು? ಆ್ಯಪಲ್ 44 ಪಾಯಿಂಟ್ ಎನ್ನುತ್ತದೆ, ಗೂಗಲ್ 48 ಡಿಪಿ; ಎರಡೂ ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆಗಳು. ಡಬ್ಲ್ಯೂಸಿಎಜಿ 2.2ರ ಕನಿಷ್ಠ 24 ಪಿಕ್ಸೆಲ್, ಅದು ನನಗೆ ತೀರಾ ಕಡಿಮೆ ಅನಿಸುತ್ತದೆ. ಕನ್ನಡದ ಪುಟವಾದರೆ ಇನ್ನೊಂದು ವಿಷಯ. ಬಟನ್ನಿಗೆ ಎತ್ತರವನ್ನು ಇಷ್ಟೇ ಎಂದು ಕಟ್ಟಿಹಾಕಬೇಡಿ. "ಸಲ್ಲಿಸಿ" ಎಂದು ಬರೆದರೆ ಲ-ಒತ್ತು ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಳತೆ ಹಾಕಿದ ಪೆಟ್ಟಿಗೆಯಲ್ಲಿ ಅದರ ಬುಡ ಕತ್ತರಿಸಿಹೋಗುತ್ತದೆ. ಅಕ್ಷರದ ಸುತ್ತ ಖಾಲಿ ಜಾಗ (ಪ್ಯಾಡಿಂಗ್) ಕೊಟ್ಟು ಪೆಟ್ಟಿಗೆ ತಾನೇ ಬೆಳೆಯಲು ಬಿಡಿ.

ಬಡ್ಡಿ ದರದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಇಟ್ಟಿದ್ದೆ. ಮೌಸ್ ಅದರ ಮೇಲೆ ಸುಳಿದರೆ ವಿವರಣೆ ತೆರೆಯುತ್ತಿತ್ತು. ಬೆರಳು ಸುಳಿಯುವುದಿಲ್ಲ, ಮುಟ್ಟುತ್ತದೆ ಅಷ್ಟೇ. ಹಾಗಾಗಿ ಅದನ್ನು ಒತ್ತುವ ಬಟನ್ ಮಾಡಿದೆ.

ಇನ್ನು ಪರೀಕ್ಷೆ. ಡೆಸ್ಕ್‌ಟಾಪಿನ ಬ್ರೌಸರಿನಲ್ಲಿ ಫೋನಿನಂತೆ ತೋರಿಸುವ ಸೌಲಭ್ಯ ಇದೆ, ದಿನವೂ ಬಳಸುತ್ತೇನೆ. ಆದರೆ ಅಲ್ಲಿ ಬೆರಳಿನ ವೇಷ ಹಾಕಿರುವುದು ಮೌಸೇ. ಯುಎಸ್‌ಬಿ ಕೇಬಲ್‌ನಲ್ಲಿ ಆ್ಯಂಡ್ರಾಯ್ಡ್ ಫೋನ್ ಜೋಡಿಸಿ, ಲ್ಯಾಪ್‌ಟಾಪಿನ ಕ್ರೋಮ್‌ನಿಂದ ಅದರೊಳಗಿನ ಪುಟವನ್ನೇ ಇಣುಕಿ ನೋಡಬಹುದು. ಹಾಗೆ ಜೋಡಿಸಿ, ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಆ ಸ್ಲೈಡರ್ ಎಳೆದೆ. ಗುಂಡಿ ಸರಿಯಿತು, ಕಂತೂ ಬದಲಾಗುತ್ತಿತ್ತು. ಆದರೆ ಎಷ್ಟಾಯಿತು ಎಂದು ನನಗೆ ಕಾಣಲಿಲ್ಲ. ಕಂತಿನ ಮೊತ್ತವನ್ನು ನಾನು ಬರೆದಿದ್ದು ಸ್ಲೈಡರಿನ ಕೆಳಗೆ, ಸರಿಯಾಗಿ ಹೆಬ್ಬೆರಳಿನ ಅಡಿಯಲ್ಲಿ. ಅದೇ ಸಂಜೆ ಅದನ್ನು ಮೇಲಕ್ಕೆ ತಂದೆ.