‘ನೋಡ್ಕೊಳ್ಳೋಕೆ ಬಿಟ್ಟಿದ್ದೆ ಸಾರ್’

ಸಿವಿಲ್ ವಕೀಲಿಕೆ ಮಾಡುವವರ ಕಿವಿಗೆ ಈ ಮಾತು ವಾರಕ್ಕೊಮ್ಮೆಯಾದರೂ ಬೀಳುತ್ತದೆ. ನಮ್ಮ ಕನ್ನಡದಲ್ಲಿ ಮನೆಯನ್ನೂ ನೋಡಿಕೊಳ್ಳುತ್ತೇವೆ, ಮಗುವನ್ನೂ ನೋಡಿಕೊಳ್ಳುತ್ತೇವೆ. ತೋಟ, ಹಸು, ಹಾಸಿಗೆ ಹಿಡಿದ ಅತ್ತೆ, ಊರ ದೇವಸ್ಥಾನ ಎಲ್ಲಕ್ಕೂ ಅದೇ ಕ್ರಿಯಾಪದ. ಮಾತಾಡುವಾಗ ಇದರಿಂದ ಏನೂ ತೊಂದರೆಯಿಲ್ಲ. ಪತ್ರದಲ್ಲಿ ಬರೆದು ಸಹಿ ಹಾಕಿದ ಮೇಲೆ ತಕರಾರು ಶುರು.

ಕೊಲ್ಲಿ ದೇಶದಲ್ಲಿ ದುಡಿದು ಬಂದ ಒಬ್ಬರ ಉದಾಹರಣೆ ಹೇಳುತ್ತೇನೆ. ಊರಲ್ಲಿ ಮನೆ ಕಟ್ಟಿಸಿ, ಪರಿಚಯದ ಸಂಸಾರವೊಂದನ್ನು ಅಲ್ಲಿ ಇರಿಸಿ ಹೋಗಿದ್ದರು. ಬಾಡಿಗೆ ಇಲ್ಲ, ಸಂಬಳವೂ ಇಲ್ಲ, ದೀಪ ಹಚ್ಚಿಕೊಂಡಿರಿ ಅಂದಿದ್ದರು ಅಷ್ಟೆ. ಹದಿನಾಲ್ಕು ವರ್ಷದ ಮೇಲೆ ಬಂದು ನೋಡಿದರೆ ಕರೆಂಟ್ ಮೀಟರು ಅವರ ಹೆಸರಿನಲ್ಲಿ, ರೇಷನ್ ಕಾರ್ಡಿನಲ್ಲಿ ಅದೇ ವಿಳಾಸ, ಹಿತ್ತಲಲ್ಲಿ ಅವರೇ ನೆಟ್ಟ ಎರಡು ತೆಂಗು ಫಲಕ್ಕೆ ಬಂದಿವೆ. ‘ಹನ್ನೆರಡು ವರ್ಷ ಆದ್ರೆ ಮನೆ ಅವರದ್ದೇ ಆಗುತ್ತಂತಲ್ಲ ಸಾರ್?’ ಎಂದು ಕೇಳುವಾಗ ಅವರ ದನಿ ನಡುಗುತ್ತಿತ್ತು.

ಆಗುವುದಿಲ್ಲ. ಹನ್ನೆರಡು ವರ್ಷದ ಲೆಕ್ಕ ಇರುವುದು ಮಾಲೀಕನಿಗೆ ಎದುರಾಗಿ, ‘ಇದು ನನ್ನದು’ ಎಂದು ಬಹಿರಂಗವಾಗಿ ಕೂತವನಿಗೆ. ಮಾಲೀಕನ ಅನುಮತಿಯಿಂದ ಒಳಗೆ ಬಂದವನು ಎಷ್ಟು ವರ್ಷ ಇದ್ದರೂ ಬಂದವನೇ. ಕಾವಲುಗಾರನ ಕೈಯಲ್ಲಿರುವ ಬೀಗದ ಕೈ ಮಾಲೀಕನದು. ಗೋವಾದ ಮನೆಯೊಂದರ ವಿಚಾರವಾಗಿ ಒಡಹುಟ್ಟಿದವರೇ ಕಾದಾಡಿದ ಮಾರಿಯಾ ಮಾರ್ಗರಿಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದನ್ನು ಬಿಡಿಸಿ ಹೇಳಿದೆ: ಕೇರ್‌ಟೇಕರ್, ವಾಚ್‌ಮನ್, ಆಳು, ಇವರು ಎಷ್ಟೇ ದೀರ್ಘಕಾಲ ಇದ್ದರೂ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಕೇಳಿದ ಕೂಡಲೇ ಬಿಟ್ಟುಕೊಡಬೇಕು.

ಆದರೆ ಅವರು ಕೇರ್‌ಟೇಕರೇ ಆಗಿದ್ದರು ಎಂದು ತೋರಿಸುವ ಹೊಣೆ ಯಾರದು? ನಿಮ್ಮದೇ. ಎದುರಿನವರು ‘ನಾವು ಬಾಡಿಗೆದಾರರು, ಬಾಡಿಗೆ ಕೈಗೆ ಕೊಡುತ್ತಿದ್ದೆವು’ ಅಂದುಬಿಟ್ಟರೆ ಕೇಸು ಬೇರೆ ದಾರಿ ಹಿಡಿಯುತ್ತದೆ. ‘ನಾವು ಖರೀದಿಗೆ ಮುಂಗಡ ಕೊಟ್ಟಿದ್ದೆವು’ ಅಂದರೆ ಇನ್ನೊಂದು ದಾರಿ. ಅದಕ್ಕೇ ನಾನು ಹೇಳುವುದು: ಬೀಗದ ಕೈ ಕೊಡುವ ದಿನವೇ ಒಂದು ಹಾಳೆ ಬರೆಯಿಸಿ. ‘ಮನೆ ಕಾಯುವ ಸಲುವಾಗಿ ಮಾತ್ರ ಇರಲು ಅನುಮತಿ ಕೊಟ್ಟಿರುತ್ತೆ, ಬಾಡಿಗೆ ಇರುವುದಿಲ್ಲ, ಕೇಳಿದಾಗ ಬಿಟ್ಟುಕೊಡತಕ್ಕದ್ದು’ ಎಂದು ಇಬ್ಬರ ಸಹಿ ಇರಲಿ. ಮೀಟರು, ಕಂದಾಯದ ರಸೀದಿ ನಿಮ್ಮ ಹೆಸರಿನಲ್ಲೇ ಇರಲಿ. ತಿಂಗಳಿಗೆ ಐನೂರೋ ಸಾವಿರವೋ ಕೊಡುವುದಿದ್ದರೆ ಬ್ಯಾಂಕಿನ ಮೂಲಕ ಹೋಗಲಿ. ಪರಿಚಯದವರ ಹತ್ತಿರ ಇದನ್ನೆಲ್ಲ ಹೇಗೆ ಕೇಳುವುದು ಎಂದು ಸಂಕೋಚ ಪಡುವವರೇ ಆಮೇಲೆ ನನ್ನ ಫೀಜು ಕಟ್ಟುವವರು.

ಕಾದವನಿಗೆ ಭೂಮಿ ಸಿಕ್ಕ ಉದಾಹರಣೆಯೇ ಇಲ್ಲವೆ ಎಂದರೆ, ಇದೆ. ಹಳೇ ಪಹಣಿ ಓದುವವರಿಗೆ ತಳವಾರ, ತೋಟಿ, ನೀರುಗಂಟಿ ಎಂಬ ಹೆಸರು ಹೊಸದಲ್ಲ. ಊರು ಕಾಯುವವನು ತಳವಾರ, ಕೆರೆಯ ತೂಬು ನೋಡಿಕೊಂಡು ಗದ್ದೆಗೆ ನೀರು ಬಿಡುವವನು ನೀರುಗಂಟಿ. ಸಂಬಳದ ಬದಲು ಇನಾಂ ಜಮೀನು. ಆ ಹುದ್ದೆಗಳನ್ನು ರದ್ದು ಮಾಡಿದ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಆಗ ಜಮೀನು ಸರ್ಕಾರಕ್ಕೆ ಸೇರಿ, ಹಕ್ಕುಳ್ಳ ಮನೆತನಗಳಿಗೆ ಮರುಮಂಜೂರಾಯಿತು. ತೂಬು ಕಾಯುವ ಕೆಲಸ ಹೋಗಿ ಅರವತ್ತು ವರ್ಷ ಕಳೆದರೂ ‘ನೀರುಗಂಟಿ ಇನಾಂತಿ’ ಜಮೀನಿನ ವ್ಯಾಜ್ಯ ಇವತ್ತಿಗೂ ನಮ್ಮ ಮೇಜಿಗೆ ಬರುತ್ತದೆ. ಕ್ರಯಕ್ಕೆ ಮುಂಚೆ ಹಳೇ ದಾಖಲೆಯಲ್ಲಿ ಈ ಪದಗಳು ಕಂಡರೆ ಮರುಮಂಜೂರಾತಿ ಆದೇಶ ಕೇಳದೆ ಮುಂಗಡ ಕೊಡಬೇಡಿ.

ಇನ್ನು ಮಕ್ಕಳ ವಿಚಾರ. ಶಾಲೆಯಿಂದ ಬರುವ ಚೀಟಿಯಲ್ಲಿ ಒಮ್ಮೆ ಪಾಲಕರ ಸಭೆ, ಒಮ್ಮೆ ಪೋಷಕರ ಸಭೆ. ಅಲ್ಲಿಗೆ ಅಜ್ಜಿ ಹೋದರೂ ನಡೆಯುತ್ತದೆ, ಚಿಕ್ಕಪ್ಪ ಹೋದರೂ ನಡೆಯುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಉದಾರತೆ ಇಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವದ ಕಾಯ್ದೆಯ ಪ್ರಕಾರ ಸಹಜ ಪಾಲಕ ಎಂದರೆ ತಂದೆ, ಅವನ ‘ನಂತರ’ ತಾಯಿ. ಈ ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದೇ ಸಾಮಾನ್ಯವಾಗಿ ಓದಿಕೊಳ್ಳುತ್ತಿದ್ದರು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದೂ ಮಗುವಿನ ಗೊಡವೆಗೆ ಬಾರದಿದ್ದರೆ ತಾಯಿಯೇ ಪಾಲಕಿ ಎಂದು ಅರ್ಥ ಬಿಡಿಸಿತು. ಒಂದು ಪದದ ಮೇಲೆ ಎಷ್ಟು ತಾಯಂದಿರು ಕಚೇರಿ ಅಲೆದಿರಬೇಕು!

ಅಪ್ಪ ಅಮ್ಮ ಇಲ್ಲದ ಹುಡುಗನನ್ನು ಸ್ವಂತ ಮಗನಂತೆ ಸಾಕಿದ ಚಿಕ್ಕಪ್ಪನ ಪಾಡು ಇನ್ನೂ ಕಷ್ಟ. ಅನ್ನ ಹಾಕಿದ್ದು, ಜ್ವರ ಬಂದಾಗ ರಾತ್ರಿ ಎದ್ದಿದ್ದು ಅವರೇ. ಆದರೆ ಹುಡುಗನ ಓದಿಗೆಂದು ಅವನ ಸ್ವಂತ ಹೆಸರಿನ ಸೈಟು ಮಾರಲು ಹೊರಟರೆ ಕಾನೂನು ಅಡ್ಡ ಬರುತ್ತದೆ. ಸಾಕಿದವರಿಗೆ ಮಾರುವ ಅಧಿಕಾರವಿಲ್ಲ. ಮೊದಲು ನ್ಯಾಯಾಲಯದಿಂದ ಪಾಲಕರಾಗಿ ನೇಮಕವಾಗಬೇಕು, ಆಮೇಲೆ ಮಾರಾಟಕ್ಕೆ ಅನುಮತಿ ಪಡೆಯಬೇಕು. ಹೆತ್ತವರೇ ಆದರೂ ಮಗುವಿನ ಹೆಸರಿನ ಸ್ಥಿರಾಸ್ತಿ ಮಾರಲು ಈ ಅನುಮತಿ ಬೇಕು. ಒಟ್ಟು ಕುಟುಂಬದ ಪಾಲಿನ ಲೆಕ್ಕ ಬೇರೆ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ.

ದೇವಸ್ಥಾನದ ಮೊಕ್ತೇಸರರು, ವಕ್ಫ್ ಆಸ್ತಿಯ ಮುತವಲ್ಲಿಗಳು ಕೂಡ ನೋಡಿಕೊಳ್ಳುವವರೇ. ವಂಶಪಾರಂಪರ್ಯವಾಗಿ ಬಂದ ಮೊಕ್ತೇಸರಿಕೆಯನ್ನು ಅಣ್ಣತಮ್ಮಂದಿರು ವಿಭಾಗ ಪತ್ರದಲ್ಲಿ ‘ಎ’ ಷೆಡ್ಯೂಲ್ ಆಸ್ತಿಯಂತೆ, ಅಂದರೆ ಹಂಚಿಕೊಳ್ಳುವ ಸ್ವಂತ ಸ್ವತ್ತಿನ ಪಟ್ಟಿಯಲ್ಲಿ, ಬರೆಸಲು ಬಂದಾಗ ನಗು ತಡೆಯುವುದು ಕಷ್ಟ.

ನಗು ಬಾರದ ಪತ್ರ ಒಂದೇ, ವಯಸ್ಸಾದವರ ದಾನಪತ್ರ. ಹೆಚ್ಚಿನವು ‘ಪ್ರೀತಿ ವಿಶ್ವಾಸದಿಂದ ದಾನ ಮಾಡಿರುತ್ತೇನೆ’ ಎಂದು ಮುಗಿಯುತ್ತವೆ. ನೋಡಿಕೊಳ್ಳುವ ಮಾತು ಅಡುಗೆಮನೆಯಲ್ಲಿ ಆಗಿರುತ್ತದೆ, ಪತ್ರದಲ್ಲಿ ಇರುವುದಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ಮೂಲಭೂತ ಅಗತ್ಯ ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವನು ತಪ್ಪಿದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ನಮ್ಮಲ್ಲಿ ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಗಳ ಮುಂದೆ. ಅಲ್ಲಿ ಬೀಳುವ ಮೊದಲ ಪ್ರಶ್ನೆಯೇ ‘ಷರತ್ತು ಎಲ್ಲಿದೆ?’ 2022ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇದ್ದೇ ತೀರಬೇಕು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಸ್ವಲ್ಪ ಉದಾರವಾಗಿ ನೋಡಿತು. ಆದರೂ ಅಲ್ಲಿ ಮಗ ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟಿದ್ದ ಬೇರೆಯದೇ ವಚನಪತ್ರವೊಂದು ಕೈಯಲ್ಲಿತ್ತು.

ಕಳೆದ ವರ್ಷ ಒಬ್ಬ ಅಜ್ಜಿ ಮಗನನ್ನು ಜೊತೆಗೆ ಕರೆದುಕೊಂಡು ದಾನಪತ್ರ ಬರೆಸಲು ಬಂದಿದ್ದರು. ನಾನು ‘ಜೀವಿತಾವಧಿಯವರೆಗೆ ಪಾಲನೆ ಪೋಷಣೆ ಮಾಡತಕ್ಕದ್ದು’ ಎಂದು ಓದಿ ಹೇಳಿದೆ. ‘ಹಂಗಂದ್ರೇನಪ್ಪಾ?’ ಅಂದರು. ಊಟ, ಬಟ್ಟೆ, ಔಷಧಿ ಅಂದೆ. ಸುಮ್ಮನೆ ಕೂತಿದ್ದು, ಮಗನ ಮುಖ ನೋಡದೆ, ಬೆರಳು ಮಡಿಸುತ್ತ ಹೇಳಿಸಿದರು: ಬಿಪಿ ಮಾತ್ರೆ, ಬೀದಿ ಕಡೆ ಕಿಟಕಿಯಿರುವ ಕೋಣೆ, ವರ್ಷಕ್ಕೆರಡು ಸಲ ಮಗಳ ಮನೆಗೆ ಹೋಗಿಬರುವ ಬಸ್ ಚಾರ್ಜು. ನಾನು ಹಾಗೇ ಟೈಪ್ ಮಾಡಿಸಿದೆ. ನೋಂದಣಿಯ ದಿನ ಮಗ ಆ ಸಾಲಿನ ಹತ್ತಿರ ಬಂದು ತುಸು ಹೊತ್ತು ನಿಂತು, ಆಮೇಲೆ ಸಹಿ ಹಾಕಿದ.