ಹಣೆಗೆ ಬಂದಾಗ ನಿಂತ ಪೆನ್ಸಿಲ್

ಸೆಮಿಸ್ಟರಿನ ಮೊದಲ ದಿನ ನಾನು ಕ್ಲಾಸಿಗೆ ಪುಸ್ತಕ ಒಯ್ಯುವುದಿಲ್ಲ. ಗೆರೆಯಿಲ್ಲದ ಬಿಳಿ ಹಾಳೆ ಹಂಚುತ್ತೇನೆ. ಅಂಗೈಯಷ್ಟು ದೊಡ್ಡ ಚೌಕ ಹಾಕಿ, ಅದರೊಳಗೆ ನಿಮ್ಮ ಚಿತ್ರ ನೀವೇ ತೆಗೆಯಿರಿ, ಹೆಸರು ಬರೆಯುವಂತಿಲ್ಲ, ಆದರೆ ನೋಡಿದವರಿಗೆ ಇದು ಯಾರೆಂದು ತಿಳಿಯಬೇಕು. ಇಷ್ಟೇ ಕೆಲಸ. "ಸರ, ನಮಗ ಚಿತ್ರ ತಗಿಯಾಕ ಬರಂಗಿಲ್ರಿ" ಎಂಬ ಗದ್ದಲ ಐದು ನಿಮಿಷ ನಡೆಯುತ್ತದೆ. ಮುಖಕ್ಕೊಂದು ಗುಂಡು, ಕಣ್ಣಿಗೆರಡು ಚುಕ್ಕಿ ಇದ್ದರೂ ಸಾಕು ಎಂದು ಹೇಳಿ ಬೆಂಚುಗಳ ನಡುವೆ ಅಡ್ಡಾಡತೊಡಗುತ್ತೇನೆ. ಗುಂಡು ಆಗುತ್ತದೆ. ಕಣ್ಣು, ಮೂಗು, ಕೂದಲು ಆಗುತ್ತವೆ. ಹಣೆಗೆ ಬಂದಾಗ ಪೆನ್ಸಿಲ್ ನಿಲ್ಲುತ್ತದೆ.

ಕುಂಕುಮ ಇಡಬೇಕೋ? ವಿಭೂತಿಯ ಮೂರು ಗೆರೆ ಎಳೆಯಬೇಕೋ? ನಾಮವೋ, ಭಂಡಾರವೋ? ಖಾಲಿ ಬಿಟ್ಟರೆ ಅದನ್ನೂ ಜನ ಒಂದು ಗುರುತಾಗಿಯೇ ಓದುತ್ತಾರಲ್ಲ? ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಯೋಚಿಸದೆ ಮಾಡುವ ಕೆಲಸವನ್ನು ಹಾಳೆಯ ಮೇಲೆ ಮಾಡಬೇಕೆಂದಾಗ ಕೈ ತಡವರಿಸುತ್ತದೆ. ಕಳೆದ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಬೆನ್ನು ಮತ್ತು ತಲೆಯ ಹಿಂಭಾಗವನ್ನಷ್ಟೇ ತೆಗೆದಿದ್ದ. ನೆತ್ತಿಯ ಮೇಲೆ ಎರಡು ಸುಳಿ. "ಎರಡು ಸುಳಿ ನನಗೊಬ್ಬನಿಗೇ ಅದಾವ್ರಿ ಸರ, ಎಲ್ಲಾರಿಗೂ ಗೊತ್ತು" ಅಂದ. ಜಾಣ.

ಬಾಗಲಕೋಟೆಯ ನವನಗರದಲ್ಲಿ ಪದವಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವನು ನಾನು. ಕೆಲವು ವರ್ಷಗಳಿಂದ ಗ್ರಾಫಿಕ್ ಕಾದಂಬರಿ, ಅಂದರೆ ಕಾಮಿಕ್ಸಿನಂತೆ ಚಿತ್ರಗಳಲ್ಲಿ ಹೇಳಿದ ಉದ್ದನೆಯ ಕತೆ, ಇಟ್ಟುಕೊಂಡು ಒಂದು ಐಚ್ಛಿಕ ಪೇಪರ್ ಕಲಿಸುತ್ತಿದ್ದೇನೆ. ಪುಸ್ತಕಗಳು ಇಂಗ್ಲಿಷಿನವು, ಮಾತುಕತೆ ನಮ್ಮ ಮಾತಿನಲ್ಲಿ. ಕತೆಯ ಅರ್ಧ ಭಾರವನ್ನು ಚಿತ್ರವೇ ಹೊರುವುದರಿಂದ ಇಂಗ್ಲಿಷ್ ಎಂದರೆ ತಲೆ ತಗ್ಗಿಸುವ ಮಕ್ಕಳೂ ಮೂರನೇ ವಾರಕ್ಕೆ ಬಾಯಿ ಬಿಡುತ್ತಾರೆ. ಸ್ಟಾಫ್ ರೂಮಿನಲ್ಲಿ ಮೊದಮೊದಲು "ಕಾಮಿಕ್ಸ್ ಓದಸಾಕೂ ಪಗಾರ ಕೊಡತಾರೇನ್ರಿ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ, ನಗುತ್ತಾರೆ ಅಷ್ಟೇ.

ಈ ಪೇಪರ್ ಯಾಕೆ ಎಂದರೆ, ಗದ್ಯದಲ್ಲಿ ತಪ್ಪಿಸಿಕೊಳ್ಳಲು ಜಾಗವಿದೆ. "ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ಕೂತಿದ್ದಳು" ಎಂದು ಬರೆದರೆ ಕೆಲಸ ಮುಗಿಯಿತು. ಅವಳು ಯಾರೆಂದು ಓದುವವನೇ ಕಲ್ಪಿಸಿಕೊಳ್ಳಲಿ. ಅದೇ ಮುದುಕಿಯನ್ನು ತೆಗೆಯಬೇಕೆಂದರೆ ಸೆರಗು ಎಡಕ್ಕೋ ಬಲಕ್ಕೋ, ಉಟ್ಟಿದ್ದು ಟೋಪ ತೆನಿಯ ಇಳಕಲ್ ಸೀರೆಯೋ, ಕಚ್ಚೆಯೋ, ತೊಟ್ಟಿದ್ದು ಗುಳೇದಗುಡ್ಡದ ಖಣದ ಕುಪ್ಪಸವೋ, ಕನ್ನಡಿ ಹೊಲಿದ ಲಂಬಾಣಿ ಕುಪ್ಪಸವೋ, ಮೇಲೊಂದು ಬುರ್ಖಾ ಇದೆಯೋ, ಎಲ್ಲವನ್ನೂ ತೀರ್ಮಾನ ಮಾಡಲೇಬೇಕು. ಹುಡುಗರು ಯೋಚಿಸದೆ ಗೀಚಿದ ಮುದುಕಿಯರನ್ನೆಲ್ಲ ಗೋಡೆಗೆ ಅಂಟಿಸಿದರೆ "ಮುದುಕಿ" ಎಂದಾಗ ಯಾರ ಕಣ್ಣಿಗೆ ಯಾರು ಬರುತ್ತಾರೆ, ಯಾರು ಬರುವುದೇ ಇಲ್ಲ ಎಂಬುದು ಬಯಲಾಗುತ್ತದೆ. ಒಂದು ವರ್ಷ ಮೂವತ್ತಕ್ಕೂ ಹೆಚ್ಚು ಮುದುಕಿಯರಲ್ಲಿ ಒಬ್ಬಳಿಗೂ ಬುರ್ಖಾ ಇರಲಿಲ್ಲ. ಆ ಕ್ಲಾಸಿನಲ್ಲಿ ಆರು ಜನ ಮುಸ್ಲಿಂ ಹುಡುಗಿಯರಿದ್ದರು. ಅವರೂ ತೆಗೆದಿರಲಿಲ್ಲ.

ವೈವಿಧ್ಯ ಎಂದರೆ ನಮ್ಮ ಶಾಲೆಯ ಗೋಡೆಗಳ ಮೇಲೆ ರಾಜ್ಯಕ್ಕೊಂದು ವೇಷ ತೊಟ್ಟ ಮಕ್ಕಳು ಕೈ ಕೈ ಹಿಡಿದು ನಿಂತ ಚಿತ್ರ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಆ ಮಕ್ಕಳು ಒಬ್ಬರಿಗೊಬ್ಬರು ಏನೂ ಕೇಳುವುದಿಲ್ಲ. ನಮ್ಮ ಕಡೆ ಹೊಸಬನೊಬ್ಬ ಕಟ್ಟೆಗೆ ಬಂದು ಕೂತರೆ ಚಹಾ ಬರುವ ಮೊದಲೇ ಪ್ರಶ್ನೆ ಬರುತ್ತದೆ: "ಅಡ್ಡಹೆಸರು ಏನ್ರಿ?" ಬಡಿಗೇರ, ಪತ್ತಾರ, ಕುಂಬಾರ, ಹೂಗಾರ, ನದಾಫ, ತಳವಾರ ಎಂದರೆ ಸಾಕು, ಮುಂದಿನದು ಕೇಳಿದವರಿಗೆ ಗೊತ್ತು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದರೆ ತುಸು ಗಲಿಬಿಲಿಯಾಗಿ, "ಅಂದ್ರ ಯಾರ ಪೈಕಿ?" ಎಂಬ ಎರಡನೇ ಪ್ರಶ್ನೆ ಬೇಕಾಗುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಅಡ್ಡಹೆಸರನ್ನು ಮಡಚಿ ಒಂದಕ್ಷರದ ಇನಿಷಿಯಲ್ ಮಾಡಿಕೊಂಡಿದ್ದಾರೆ. ಊರಿಗೆ ಬಂದಾಗ ಮತ್ತೆ ಬಿಚ್ಚಿಕೊಳ್ಳುತ್ತಾರೆ.

ಈ ಮಡಚುವುದು, ಬಿಚ್ಚುವುದು ಹೇಗೆಂದು ತೋರಿಸಲು ನನಗೆ ನೆರವಾಗುವುದು ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್'. ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ಅಪ್ಪನ ಕತೆಯನ್ನು ಮಗ ಕೇಳಿ ತೆಗೆದ ಪುಸ್ತಕ. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆಯಿತು. ಅದರಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಪ್ರಾಣಿಗಳನ್ನು ಕಂಡ ಕೂಡಲೇ ಮಕ್ಕಳಿಗೆ ಖುಷಿಯಾಗುತ್ತದೆ. ಆ ಖುಷಿಯನ್ನು ನಂಬಿ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. "ನಿಮ್ಮ ಊರಿನ ಮಂದಿಗೆ ಯಾವ ಯಾವ ಪ್ರಾಣಿ ಹೊಂದುತ್ತದೆ, ತೆಗೆಯಿರಿ" ಎಂದುಬಿಟ್ಟೆ. ಹತ್ತು ನಿಮಿಷ ಕ್ಲಾಸು ನಗುವಿನಲ್ಲಿ ತೇಲಿತು. ಆಮೇಲೆ ಒಂದು ಹಾಳೆ ಕೈಯಿಂದ ಕೈಗೆ ಹೋಗುತ್ತಾ ನಗು ಅಲ್ಲಲ್ಲೇ ನಿಂತಿತು. ಓಣಿ ಓಣಿಗೆ ಒಂದೊಂದು ಪ್ರಾಣಿ ಹಂಚಿದ್ದ ಹಾಳೆ ಅದು. ಯಾವ ಓಣಿಗೆ ಯಾವ ಪ್ರಾಣಿ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಈ ಸೀಮೆಯವರಿಗೆ ಬರೆಯುವ ಅಗತ್ಯವೂ ಇಲ್ಲ. ತೆಗೆದವನಿಗೆ ಅದು ಬೈಗುಳ ಎಂದು ಅನಿಸಿಯೇ ಇರಲಿಲ್ಲ, ಊರಲ್ಲಿ ಎಲ್ಲರೂ ಆಡುವ ಮಾತನ್ನೇ ತೆಗೆದಿದ್ದ. ಮುಂದಿನ ಬೆಂಚಿನ ಇಬ್ಬರು ಮರುದಿನ ಕ್ಲಾಸಿಗೆ ಬರಲಿಲ್ಲ. ಅವರ ಮನೆಗೆ ಹೋಗಿ ಮಾತಾಡಿಸಿ ಬಂದೆ. ತಪ್ಪು ನನ್ನದೇ, ಪುಸ್ತಕದ ಅರ್ಧ ಓದಿಸಿ ಪ್ರಯೋಗಕ್ಕೆ ಇಳಿದಿದ್ದೆ.

ಉಳಿದ ಅರ್ಧದಲ್ಲಿ ಸ್ಪೀಗಲ್‌ಮನ್ ತಮ್ಮ ಪ್ರಾಣಿಗಳನ್ನು ತಾವೇ ಕೆಡವುತ್ತಾರೆ. ಇಲಿಯಾದ ಅಪ್ಪ ತಾನು ಪೋಲೆಂಡಿನವನೆಂದು ತೋರಿಸಿಕೊಂಡು ಬೀದಿಗಿಳಿಯಬೇಕಾದಾಗ ಹಂದಿಯ ಮುಖವಾಡ ಕಟ್ಟಿಕೊಳ್ಳುತ್ತಾನೆ. ಹಿಂದೆ ಕಟ್ಟಿದ ದಾರ ಕಾಣುತ್ತದೆ. ಫ್ರಾನ್ಸಿನಿಂದ ಬಂದು ಯಹೂದಿ ಧರ್ಮ ಸೇರಿದ ತಮ್ಮ ಹೆಂಡತಿಯನ್ನು ಕಪ್ಪೆಯಾಗಿ ತೆಗೆಯಬೇಕೋ ಇಲಿಯಾಗಿಯೋ ಎಂದು ಗಂಡ ಹೆಂಡತಿ ಪುಸ್ತಕದೊಳಗೇ ವಾದ ಮಾಡುತ್ತಾರೆ. ಎರಡನೇ ಭಾಗದಲ್ಲಿ ಸ್ಪೀಗಲ್‌ಮನ್ ತಾವೇ ಮನುಷ್ಯನ ಮೈ, ಇಲಿಯ ಮುಖವಾಡ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದಾರೆ. ಈಗ ನಾನು ಪ್ರಾಣಿ ಕೇಳುವುದಿಲ್ಲ, ಮುಖವಾಡ ಕೇಳುತ್ತೇನೆ, ದಾರ ಕಾಣುವಂತೆ. ದಾರ ಯಾರ ಕೈಯಲ್ಲಿದೆ ಎಂಬುದನ್ನೂ ತೆಗೆಯಬೇಕು. ಬಾಡಿಗೆ ಕೋಣೆ ಹುಡುಕಲು ಹೋದಾಗ ಕಟ್ಟಿಕೊಂಡ ಮುಖವಾಡ, ಜಾತ್ರೆಯಲ್ಲಿ ಬಿಚ್ಚಿದ್ದು, ಸಂದರ್ಶನಕ್ಕೆ ಮತ್ತೆ ಕಟ್ಟಿದ್ದು ಎಲ್ಲ ಬರುತ್ತವೆ. ಕಾಶ್ಮೀರದ ಮಲಿಕ್ ಸಜಾದ್ ತಮ್ಮ 'ಮುನ್ನು'ವಿನಲ್ಲಿ (2015) ಕಾಶ್ಮೀರಿಗಳನ್ನು ಅಲ್ಲಿನ ಹಂಗುಲ್ ಜಿಂಕೆಗಳಾಗಿ ತೆಗೆದಿರುವುದನ್ನು ಇದರ ಜೊತೆಗಿಟ್ಟು ತೋರಿಸುತ್ತೇನೆ. ಅಳಿವಿನಂಚಿನ ಪ್ರಾಣಿಯನ್ನು ತಾವಾಗಿ ಆರಿಸಿಕೊಳ್ಳುವುದು ಬೇರೆ, ಬೇರೆಯವರು ನಿಮಗೊಂದು ಪ್ರಾಣಿ ಹಚ್ಚುವುದು ಬೇರೆ ಎಂದು ಹುಡುಗರಿಗೆ ಆಗ ತಾನಾಗಿ ಹೊಳೆಯುತ್ತದೆ.

ಆದರೆ ನಮ್ಮ ಕ್ಲಾಸನ್ನು ನಿಜಕ್ಕೂ ಕಟ್ಟಿಹಾಕುವ ಪುಸ್ತಕ 'ಭೀಮಾಯಣ'. 2011ರಲ್ಲಿ ಬಂದದ್ದು. ಚಿತ್ರ ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು, ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಅಂಬೇಡ್ಕರರು ತಾವೇ ಬರೆದಿಟ್ಟ ಅಸ್ಪೃಶ್ಯತೆಯ ಅನುಭವಗಳು ಇದಕ್ಕೆ ಆಧಾರ. 1901ರಲ್ಲಿ ಬಾಲಕ ಭೀಮ ಮನೆಯ ಬೇರೆ ಹುಡುಗರ ಜೊತೆ ಅಪ್ಪನನ್ನು ಕಾಣಲು ಹೊರಟು ಮಹಾರಾಷ್ಟ್ರದ ಮಸೂರಿನಲ್ಲಿ ರೈಲು ಇಳಿಯುತ್ತಾನೆ. ಜಾತಿ ತಿಳಿದ ಮೇಲೆ ಯಾರೂ ಗಾಡಿ ಹೂಡಲು ಒಪ್ಪುವುದಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆಯಬೇಕಾಗುತ್ತದೆ. ಬೆಳಗಾವಿಯಿಂದ ಮೀರಜ್ ಮೇಲೆ ಪುಣೆಗೆ ಹೋಗುವ ರೈಲು ಇವತ್ತಿಗೂ ಮಸೂರು ದಾಟಿಯೇ ಹೋಗುತ್ತದೆ ಎಂದು ಹೇಳಿದಾಗ ಒಬ್ಬ ಹುಡುಗ ಮೊಬೈಲಿನಲ್ಲಿ ನಕ್ಷೆ ತೆರೆದು ಬಹಳ ಹೊತ್ತು ನೋಡುತ್ತಾ ಕೂತಿದ್ದ.

ಈ ಪುಸ್ತಕದಲ್ಲಿ ಡಬ್ಬಿಗಳಿಲ್ಲ, ಅಂದರೆ ಕಾಮಿಕ್ಸಿನಲ್ಲಿ ಒಂದೊಂದು ಚಿತ್ರದ ಸುತ್ತ ಎಳೆಯುವ ಚೌಕಟ್ಟುಗಳಿಲ್ಲ. ಪಾತ್ರಗಳನ್ನು ಡಬ್ಬಿಯೊಳಗೆ ತುರುಕಿದರೆ ಉಸಿರು ಕಟ್ಟುತ್ತದೆ, ನಮ್ಮ ಕಲೆ ಖುಲ್ಲಾ ಇರಬೇಕು ಎಂಬುದು ವ್ಯಾಮ್ ದಂಪತಿಯ ನಿಲುವು. 'ಖುಲ್ಲಾ' ಅವರ ಮಾತೇ. ನಮ್ಮ ಹುಡುಗರಿಗೆ ಅನುವಾದ ಬೇಕಾಗಲಿಲ್ಲ. ಇನ್ನೊಂದು ಸಂಗತಿ ಮಾತಿನ ಗುಳ್ಳೆಗಳದ್ದು. ಮೆದು ಮನಸ್ಸಿನವರ, ನೊಂದವರ ಮಾತು ಹಕ್ಕಿಯಾಕಾರದ ಗುಳ್ಳೆಯೊಳಗೆ. ಜಾತಿಯ ವಿಷ ತುಂಬಿದ ಮಾತಿನ ಗುಳ್ಳೆಗೆ ಚೇಳಿನ ಬಾಲ, ತುದಿಯಲ್ಲಿ ಕೊಂಡಿ.

ಇದನ್ನು ತೋರಿಸಿದ ದಿನ ನಾನು ಬೋರ್ಡಿನ ಮೇಲೆ "ಅಡ್ಡಹೆಸರು ಏನ್ರಿ?" ಎಂದಷ್ಟೇ ಬರೆದು, ಸುತ್ತ ಗುಳ್ಳೆ ಹಾಕಲು ಕರೆದೆ. ಹಕ್ಕಿಯೋ ಚೇಳೋ?

"ಹಕ್ಕೀನ ರೀ. ಸುಮ್ನ ಪರಿಚಯಕ್ಕ ಕೇಳತಾರ" ಎಂದ ಒಬ್ಬ.

"ನಿನಗ ಪರಿಚಯಕ್ಕ ಕೇಳತಾರ. ನಾ ಹೇಳಿದ ಮ್ಯಾಲ ನೀರಿನ ಗ್ಲಾಸ್ ಬ್ಯಾರೆ ಬರತೈತಿ" ಎಂದ ಎರಡು ಸುಳಿಯ ಹುಡುಗ. ಅವತ್ತಿನವರೆಗೆ ಅವನು ಕ್ಲಾಸಿನಲ್ಲಿ ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಯಾರೂ ಎದ್ದು ಬರಲಿಲ್ಲ. ಕೊನೆಗೆ ನೇಕಾರರ ಮನೆಯ ಹುಡುಗಿಯೊಬ್ಬಳು ಬಂದು ಸೀಮೆಸುಣ್ಣ ತಗೊಂಡು ಹಕ್ಕಿಯ ತಲೆ, ರೆಕ್ಕೆ ತೆಗೆದು, ಬಾಲದ ಹತ್ತಿರ ಬಂದಾಗ ಅದನ್ನು ಮೇಲಕ್ಕೆ ಸುತ್ತಿ ಕೊಂಡಿ ಮಾಡಿದಳು. ರೆಕ್ಕೆಗೆ ಗರಿ ತುಂಬುತ್ತಾ ಎರಡು ನಿಮಿಷ ತಡೆದಳು. ಕೂತಲ್ಲಿಂದ ನೋಡಿದರೆ ಅದು ಚಂದದ ಹಕ್ಕಿಯೇ. ಹತ್ತಿರ ಹೋದರಷ್ಟೇ ಕೊಂಡಿ ಕಾಣುತ್ತಿತ್ತು. ಬೆಲ್ ಹೊಡೆದ ಮೇಲೂ ಬೋರ್ಡ್ ಅಳಿಸಲಿಲ್ಲ. ಮುಂದಿನ ಪಿರಿಯಡ್ಡಿನ ಅರ್ಥಶಾಸ್ತ್ರದವರು ಅದರ ಪಕ್ಕದಲ್ಲೇ ಬೇಡಿಕೆಯ ರೇಖೆ ಎಳೆದು ಪಾಠ ಮಾಡಿದರಂತೆ.

ಮರ್ಜಾನ್ ಸತ್ರಪಿಯವರ 'ಪರ್ಸೆಪೊಲಿಸ್' ವಿಷಯದಲ್ಲಿ ನಾನು ಅಷ್ಟು ಧೈರ್ಯ ತೋರಲಿಲ್ಲ. ಅದರ ಮೊದಲ ಪುಟದಲ್ಲಿ 1980ರ ಇರಾನ್; ಹತ್ತು ವರ್ಷದ ಹುಡುಗಿ ತಲೆವಸ್ತ್ರ ಹೊದ್ದು ಕೂತಿದ್ದಾಳೆ. ಪಕ್ಕದ ಡಬ್ಬಿಯಲ್ಲಿ ಅವಳ ಗೆಳತಿಯರ ಗ್ರೂಪ್ ಫೋಟೋ. ತಾನು ತೀರ ಎಡ ತುದಿಯಲ್ಲಿರುವುದರಿಂದ ನಿಮಗೆ ಕಾಣುವುದಿಲ್ಲ ಎನ್ನುತ್ತಾಳೆ. ಡಬ್ಬಿಯ ಗೆರೆ ಅವಳನ್ನು ಕತ್ತರಿಸಿಬಿಟ್ಟಿದೆ. ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ. ಆದರೆ 2022ರಲ್ಲಿ, ಹಿಜಾಬಿನ ಜಗಳ ರಾಜ್ಯದ ಕಾಲೇಜುಗಳ ಗೇಟಿಗೆ ಬಂದು ನಿಂತು, ಮಾರ್ಚಿನಲ್ಲಿ ಹೈಕೋರ್ಟಿನ ತೀರ್ಪೂ ಬಂದ ವರ್ಷ, ನಾನು ಆ ಪುಸ್ತಕವನ್ನು ಸುಮ್ಮನೆ ಬಿಟ್ಟೆ. ಯಾರೂ ಬೇಡ ಎಂದಿರಲಿಲ್ಲ. ಹೆದರಿದ್ದೆ. ಮರುವರ್ಷ ಮತ್ತೆ ತಂದಾಗ, ಎರಡನೇ ಸಾಲಿನ ಹುಡುಗಿ ಆ ಪುಟದ ಮೇಲೆ ಬೆರಳಿಟ್ಟು ಕೇಳಿದಳು: "ಆಕಿಗೆ ಹಾಕ್ಕೋ ಅಂದಾರ್ರಿ, ನಮಗ ತಗಿ ಅಂದ್ರು. ಎರಡೂ ಒಂದ ಏನ್ರಿ ಸರ?" ಆ ದಿನದ ಪಾಠ ಪೂರ್ತಿ ಆ ಪ್ರಶ್ನೆಯ ಮೇಲೇ ನಡೆಯಿತು, ಮುಗಿಯಲಿಲ್ಲ. ನಾನು ಹೆಚ್ಚು ಮಾತಾಡಲಿಲ್ಲ. ಹಿಂದಿನ ವರ್ಷ ಸುಮ್ಮನಿದ್ದವನಿಗೆ ಆ ಹಕ್ಕೂ ಇರಲಿಲ್ಲ.

ಇನ್ನು ಗಟಾರದ ಮಾತು. ಡಬ್ಬಿ ಮತ್ತು ಡಬ್ಬಿಯ ನಡುವಿನ ಬಿಳಿ ಜಾಗಕ್ಕೆ ಇಂಗ್ಲಿಷಿನಲ್ಲಿ ಗಟರ್ ಎನ್ನುತ್ತಾರೆ. ಹಾಗೆಂದ ಕೂಡಲೇ ಕ್ಲಾಸು ಗಟಾರ ಎಂದು ಕೂಗಿತು, ಅಲ್ಲಿಂದ ಅದೇ ಹೆಸರು ನಿಂತಿದೆ. ಮೊದಲ ಡಬ್ಬಿಯಲ್ಲಿ ಎತ್ತಿದ ಕೊಡಲಿ, ಎರಡನೆಯದರಲ್ಲಿ ಊರಿನ ಮೇಲೆ ಚೀರುವ ದನಿ. ಕೊಂದದ್ದು ಎಲ್ಲಿ? ಗಟಾರದಲ್ಲಿ. ಕೊಂದವರು ಓದುಗರು. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲೇ ಇದನ್ನು ಕಾಮಿಕ್ಸ್ ರೂಪದಲ್ಲಿಯೇ ವಿವರಿಸಿದ್ದಾರೆ. ಇದು ಪರದೇಶದ ವಿದ್ಯೆ ಎಂದು ಮಕ್ಕಳು ತಿಳಿಯಬಾರದೆಂದು ಪಟ್ಟದಕಲ್ಲಿಗೂ ಕರೆದೊಯ್ಯುತ್ತೇನೆ. ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣ, ಮಹಾಭಾರತ ಪಟ್ಟಿ ಪಟ್ಟಿಯಾಗಿವೆ. ಪಾಪನಾಥ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಪಾತ್ರಗಳ ಹೆಸರನ್ನೂ ಕೆತ್ತಿದ್ದಾರೆ. 8ನೇ ಶತಮಾನದ ಕಲ್ಲು.

ಬಾಗಲಕೋಟೆಯ ಮಕ್ಕಳಿಗೆ ಗಟಾರ ಬೇಗ ಅರ್ಥವಾಗಲು ಇನ್ನೊಂದು ಕಾರಣವಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ತಗ್ಗಿನ ಓಣಿಗಳನ್ನು ತಿಂದಿತು, ಮಂದಿ ನವನಗರದ ಸೆಕ್ಟರುಗಳಿಗೆ ಬಂದರು. ಹಳೆಯ ಊರಿನಲ್ಲಿ ಓಣಿಯ ಹೆಸರು ಹೇಳಿದರೆ ಸಾಕಿತ್ತು, ಇಲ್ಲಿ ನಂಬರ್. ನರ್ಮದೆಯ ಅಣೆಕಟ್ಟಿನ ಕುರಿತು ಒರಿಜಿತ್ ಸೇನ್ 1994ರಲ್ಲಿ ಮಾಡಿದ 'ರಿವರ್ ಆಫ್ ಸ್ಟೋರೀಸ್' ಓದಿಸಿದ ಮೇಲೆ ನಿಮ್ಮ ಮನೆಯ ಮುಳುಗಡೆ ಕತೆ ತೆಗೆಯಿರಿ ಎಂದೆ. ನೇಕಾರರ ಮನೆಯ ಆ ಹುಡುಗಿ ಎರಡೇ ಡಬ್ಬಿ ತಂದಳು. ಮೊದಲನೆಯದರಲ್ಲಿ ಅವಳ ಆಯಿ ಹಳೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದಾಳೆ, ಎದುರು ನಾಲ್ಕು ಬೇರೆ ಬೇರೆ ಮನೆಯ ಬಾಗಿಲು, ಒಂದರ ಮೇಲೆ ಅರ್ಧಚಂದ್ರ, ಒಂದರ ಮೇಲೆ ಲಿಂಗ. ಎರಡನೆಯದರಲ್ಲಿ ಅದೇ ಆಯಿ, ಅದೇ ಭಂಗಿ. ಎದುರಿಗೆ ಕಂಪೌಂಡ್ ಗೋಡೆ, ಅದರ ಮೇಲೆ ಸೆಕ್ಟರ್ ನಂಬರ್. ನಡುವಿನ ಗಟಾರವನ್ನು ಮಾತ್ರ ಮೂರು ಬೆರಳು ಅಗಲ ಬಿಟ್ಟು ನೀಲಿ ಶಾಯಿ ಹಚ್ಚಿದ್ದಳು.

ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಗ್ರಾಫಿಕ್ ಕಾದಂಬರಿಯ ಲಕ್ಷಣಗಳನ್ನು ವಿವರಿಸಿ ಎಂಬ ಪ್ರಶ್ನೆ ಬಂತು. ಗೈಡಿನಿಂದ ಬಾಯಿಪಾಠ ಮಾಡಿದವರು ಏಳು, ಎಂಟು ತೆಗೆದುಕೊಂಡರು. ಎರಡು ಸುಳಿಯ ಹುಡುಗ ಐದು ಸಾಲು ಬರೆದು, ಕೆಳಗೆ ಎರಡು ಡಬ್ಬಿ ತೆಗೆದಿದ್ದ. ಒಂದರಲ್ಲಿ ಸ್ಟೀಲಿನ ಗ್ಲಾಸು, ಇನ್ನೊಂದರಲ್ಲಿ ಪ್ಲಾಸ್ಟಿಕ್ಕಿನದು. ಅಂಕ ಕಡಿಮೆ ಬಂದವೆಂದು ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿಕೊಂಡು ನನಗೆ ತೋರಿಸಲು ಬಂದ. ಮೌಲ್ಯಮಾಪಕರು ಆ ಐದು ಸಾಲಿಗೆ ಎರಡು ಅಂಕ ಕೊಟ್ಟಿದ್ದರು. ಚಿತ್ರಕ್ಕೆ ಕೊಟ್ಟ ಗುಂಡು ಸೊನ್ನೆ, ಬೇರೆಲ್ಲೂ ಜಾಗ ಸಿಗದೆಯೋ ಏನೋ, ಎರಡು ಗ್ಲಾಸುಗಳ ನಡುವೆ ಬಿದ್ದಿತ್ತು.

"ಸರ, ಗಟಾರದಾಗ ಹಾಕ್ಯಾರ ನೋಡ್ರಿ" ಎಂದು ನಕ್ಕ.